ಪಿಕಪ್ಪಿನ ಹಿಂಬದಿಯಲ್ಲಿ ನಾಯಿ

ಕೇಳುಗರಿಗೆ ನಮಸ್ಕಾರ.

ಕೊಡಗಿನ ತೋಟದ ಮನೆಗಳಲ್ಲಿ ನಾಯಿಯಿಲ್ಲದ ಅಂಗಳ ಅಪರೂಪ. ಚುಚ್ಚುಮದ್ದು ಹಾಕಿಸಲು ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಕರೆದೊಯ್ಯಬೇಕಾದಾಗ ಕೈಗೆ ಸಿಗುವುದು ಗೊಬ್ಬರ ಇಳಿಸಿ ನಿಂತ ಪಿಕಪ್. ನಾಯಿಯನ್ನು ಹಿಂದೆ ಹತ್ತಿಸಿ, ಕೊರಳಪಟ್ಟಿಗೆ ಹಗ್ಗ ಬಿಗಿದು, ಪಕ್ಕದ ಸರಳಿಗೆ ಕಟ್ಟಿ ಹೊರಡುತ್ತೇವೆ. ಕಟ್ಟಿದ್ದೇವಲ್ಲ, ಇನ್ನು ಭಯವಿಲ್ಲ ಎಂದುಕೊಳ್ಳುತ್ತೇವೆ. ನನಗೆ ಭಯವಾಗುವುದು ಆ ಹಗ್ಗವನ್ನು ಕಂಡಾಗಲೇ.

ದಾರಿಯಲ್ಲಿ ಇನ್ನೊಂದು ನಾಯಿ ಬೊಗಳಿದರೆ ಸಾಕು, ಇದು ಪಕ್ಕದ ಹಲಗೆ ದಾಟಿ ಜಿಗಿಯುತ್ತದೆ. ಹಗ್ಗ ಉದ್ದವಿದ್ದರೆ ಚಕ್ರದ ಬಳಿ ಬೀಳುತ್ತದೆ, ಗಿಡ್ಡವಿದ್ದರೆ ಕೊರಳಿನಿಂದ ನೇತಾಡುತ್ತದೆ. ಇಂಜಿನ್ನಿನ ಸದ್ದಿನಲ್ಲಿ ಚಾಲಕನಿಗೆ ಏನೂ ಕೇಳಿಸುವುದಿಲ್ಲ.

ಜಿಗಿಯದೆ ನಿಂತ ನಾಯಿಯ ಪಾಡೂ ಸುಖವಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ ಅದರ ಕಾಲುಗಳನ್ನು ಗಮನಿಸಿ. ನಾಲ್ಕನ್ನೂ ಅಗಲಿಸಿ ಊರಿಕೊಂಡಿರುತ್ತದೆ. ಉಗುರುಗಳು ತಗಡಿನ ಮೇಲೆ ಕರಕರನೆ ಜಾರುತ್ತವೆ. ಮೈ ಬದಿಗೆ ಬಡಿಯುತ್ತದೆ. ಸಾವರಿಸಿಕೊಳ್ಳುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಹಿಂದೆ ಸೀಟಿರುವ ಕ್ಯಾಬಿನ್ ಇದ್ದರೆ ನಾಯಿಯ ಜಾಗ ಅಲ್ಲಿಯೇ. ಎದೆಯನ್ನು ಸುತ್ತುವ ಹಾರ್ನೆಸ್ ತೊಡಿಸಿ ಸೀಟ್ ಬೆಲ್ಟಿಗೆ ಸಿಕ್ಕಿಸಿ. ಇಲ್ಲವಾದರೆ ಗೂಡು ಬೇಕು: ನಾಯಿ ನಿಲ್ಲಲು, ತಿರುಗಲು, ಮಲಗಲು ಸಾಲುವಷ್ಟು ದೊಡ್ಡದು, ಬದಿಗಳಲ್ಲಿ ಗಾಳಿಯಾಡುವಂಥದ್ದು. ಅದನ್ನು ಕ್ಯಾಬಿನ್ನಿನ ಗೋಡೆಗೆ ಒತ್ತಿ ಇಟ್ಟು, ಎರಡೂ ಕಡೆ ಬಿಗಿಯಾಗಿ ಕಟ್ಟಿ, ಒಳಗೆ ಜಾರದ ರಬ್ಬರ್ ಹಾಸು ಹಾಕಿ. ಗೂಡಿನ ಪಕ್ಕ ಗ್ಯಾಸ್ ಸಿಲಿಂಡರನ್ನಾಗಲಿ ಗೊಬ್ಬರದ ಮೂಟೆಯನ್ನಾಗಲಿ ಸಡಿಲವಾಗಿ ಬಿಡಬೇಡಿ. ಗೂಡು ಸಿಗದ ತುರ್ತಿನಲ್ಲಿ ಮಾತ್ರ ಹಾರ್ನೆಸ್ಸಿಗೆ ಗಿಡ್ಡ ಹಗ್ಗ ಹಾಕಿ, ಕ್ಯಾಬಿನ್ನಿನ ಹಿಂದೆ ನಟ್ಟನಡುವೆ ಕಟ್ಟಿ. ಮುಂಗಾಲು ಯಾವ ಅಂಚನ್ನೂ ಮುಟ್ಟಬಾರದು. ಕೊರಳಿಗಂತೂ ಬೇಡವೇ ಬೇಡ.

ನಮ್ಮ ಜಿಲ್ಲೆಗೇ ಸೇರಿದ ಒಂದು ಅಪಾಯವಿದೆ. ಮುಂಗಾರಿಗೆ ಮುನ್ನ ಕಾಫಿಗೂ ಮೆಣಸಿನ ಬಳ್ಳಿಗೂ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತ, ಸುಣ್ಣ, ಕೀಟನಾಶಕ ಎಲ್ಲವೂ ಅದೇ ಪಿಕಪ್ಪಿನಲ್ಲಿ ಬರುತ್ತವೆ. ಚೆಲ್ಲಿದ್ದು ನಾಯಿಯ ಪಾದಕ್ಕೆ ಅಂಟುತ್ತದೆ, ನಾಯಿ ಪಾದ ನೆಕ್ಕುತ್ತದೆ, ವಿಷ ಹೊಟ್ಟೆ ಸೇರುತ್ತದೆ. ಹತ್ತಿಸುವ ಮೊದಲು ಧಾರಾಳವಾಗಿ ನೀರು ಹೊಯ್ದು ತೊಳೆಯಿರಿ.

ಮಳೆಗಾಲದಲ್ಲಿ ನೆನೆಯದಿರಲಿ ಎಂದು ಟಾರ್ಪಾಲು ಹೊದಿಸುತ್ತೀರಿ, ಸರಿ. ಆದರೆ ಮುಂದೆ ಮುಚ್ಚಿ ಹಿಂದೆ ಮಾತ್ರ ತೆರೆದಿಟ್ಟರೆ ಹೊಗೆಕೊಳವೆಯ ಹೊಗೆ ಒಳಗೆ ಸೆಳೆದುಕೊಂಡು ಬರುತ್ತದೆ. ಗಾಳಿ ಹಾಯುವಂತೆ ಬದಿಗಳಲ್ಲಿ ತೆರವು ಬಿಡಿ.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ, ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದು ಅಪರಾಧ. 1978ರ ಪ್ರಾಣಿ ಸಾಗಣೆ ನಿಯಮಗಳು ಬೇಸಿಗೆಯಲ್ಲಿ 4 ಗಂಟೆಗೊಮ್ಮೆ, ಚಳಿಗಾಲದಲ್ಲಿ 6 ಗಂಟೆಗೊಮ್ಮೆ ನಾಯಿಗೆ ನೀರು ಕೊಡಬೇಕೆನ್ನುತ್ತವೆ. ಘಟ್ಟ ಇಳಿಯುವಾಗ ನಾನು ಅಷ್ಟು ಹೊತ್ತು ಕಾಯಲಾರೆ. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ತಂಪಿನಲ್ಲಿ ಹತ್ತಿದ ನಾಯಿ ಸುಳ್ಯ ಮುಟ್ಟುವಾಗ ಸೆಕೆಯಲ್ಲಿರುತ್ತದೆ, ಕಾಲಡಿಯ ತಗಡು ಕಾದಿರುತ್ತದೆ. ನಮ್ಮಂತೆ ಅದು ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಣಿಯಬೇಕು. ಸಂಪಾಜೆಯಲ್ಲಿ ನಿಲ್ಲಿಸಿ, ನೆರಳು ನೋಡಿ ನೀರು ಕುಡಿಸಿ.

ತೇಕು ನಿಲ್ಲದಿದ್ದರೆ, ಜೊಲ್ಲು ಅಂಟಂಟಾಗಿದ್ದರೆ, ಒಸಡು ಕಡುಗೆಂಪಾಗಿ ನಡಿಗೆ ತೂರಾಡಿದರೆ ಅದು ಬಿಸಿಲಾಘಾತ. ಕೂಡಲೇ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಆಮೇಲೆ ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಹತ್ತಿರದ ಪಶು ಆಸ್ಪತ್ರೆಗೆ ಗಾಡಿ ತಿರುಗಿಸಿ.