ಹಳ್ಳ ಅಂದರೆ ಚರಂಡಿ ಅಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಒಲೆ ಮುಂದೆ ರೊಟ್ಟಿ ತಟ್ಟುತ್ತಾ ಕೇಳುತ್ತಿರುವ ಅಕ್ಕಂದಿರೇ, ಶಿವಮೊಗ್ಗದ ಅಂಚಿನಲ್ಲಿ ಸೈಟು ತಗೊಂಡು ಮನೆ ಕಟ್ಟಿಸುತ್ತಿರುವ ಅಣ್ಣಂದಿರೇ, ಇವತ್ತು ನಾನು ಹೇಳುವುದು ಒಂದೇ ಮಾತು. ಹಳ್ಳ ಅಂದರೆ ಚರಂಡಿ ಅಲ್ಲ.

ತುಂಗಾಪಾನ ಗಂಗಾಸ್ನಾನ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ತುಂಗೆಯ ನೀರೆಲ್ಲ ಅದು ಹುಟ್ಟುವ ಗಂಗಾಮೂಲದಿಂದಲೇ ಬರುವುದಿಲ್ಲ. ದಾರಿಯುದ್ದಕ್ಕೂ ಸೇರುವ ಸಣ್ಣ ಸಣ್ಣ ಹಳ್ಳಗಳ ನೀರೂ ಅದರಲ್ಲಿದೆ. ನಮ್ಮ ಬಡಾವಣೆಗಳ ಹಿಂದೆ ಕಸ ತುಂಬಿಕೊಂಡು ಬಿದ್ದಿವೆಯಲ್ಲ, ಅವೂ ಆ ಹಳ್ಳಗಳೇ.

ನಾನು ಬಹಳ ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು. ನಮ್ಮ ಮನೆ ಹಿಂದೆಯೂ ಒಂದು ಹಳ್ಳ ಇದೆ. ಮೊದಲು ಅದರ ದಡದಲ್ಲಿ ಹೊಂಗೆ, ಹೊಳೆಮತ್ತಿ, ಕೇದಿಗೆ ಮೆಳೆ ಎಲ್ಲ ಇತ್ತು. ಮೃಗಶಿರಾ ಮಳೆ ಹಿಡಿದ ರಾತ್ರಿ ಹತ್ತುಮೀನು ಬರುತ್ತಿತ್ತು. ಮಲೆನಾಡಿನವರಿಗೆ ಹತ್ತುಮೀನು ಅಂದರೆ ಏನು ಅಂತ ಹೇಳಬೇಕಾಗಿಲ್ಲ, ಪೇಟೆ ಮಕ್ಕಳಿಗಾಗಿ ಹೇಳುತ್ತೇನೆ. ಮೊದಲ ಮಳೆಗೆ ಕೆಂಪು ನೀರು ಇಳಿದು ಬಂದ ಕೂಡಲೇ ಹೊಳೆಯ ಮೀನು ಪ್ರವಾಹಕ್ಕೆ ಎದುರಾಗಿ ಹಳ್ಳ ಹತ್ತುತ್ತದೆ, ಗದ್ದೆಯ ತೆಳು ನೀರಿಗೆ ಹೋಗಿ ಮೊಟ್ಟೆ ಇಡುತ್ತದೆ, ಮರಿಗಳು ಅದೇ ದಾರಿಯಲ್ಲಿ ಹೊಳೆಗೆ ಇಳಿಯುತ್ತವೆ.

ಕೆಲವು ವರ್ಷಗಳ ಹಿಂದೆ ಆ ಹಳ್ಳಕ್ಕೆ ಎರಡೂ ಕಡೆ ಗೋಡೆ ಕಟ್ಟಿ, ತಳಕ್ಕೂ ಕಾಂಕ್ರೀಟ್ ಹಾಕಿದರು. ನೋಡಲು ನೀಟಾಗಿತ್ತು. ಮುಂದಿನ ಮಳೆಗಾಲ ರಾತ್ರಿ ಹತ್ತು ಗಂಟೆಗೆ ಪಕ್ಕದ ಮನೆಯ ಹುಡುಗ ಬಾಗಿಲು ಬಡಿದ. "ಸಾರ್, ಚರಂಡಿಯಲ್ಲಿ ಮೀನು ಬಂದಿದೆ, ಬನ್ನಿ!" ಟಾರ್ಚ್ ಹಿಡಿದು ಓಡಿದೆ. ಕಾಂಕ್ರೀಟ್ ಶುರುವಾಗುವ ಜಾಗದಲ್ಲಿ ಮೊಣಕಾಲೆತ್ತರದ ಒಂದು ಮೆಟ್ಟಿಲು ಬಿಟ್ಟಿದ್ದರು. ಅದರ ಕೆಳಗೆ ಮೀನುಗಳು ಹಾರುತ್ತಿದ್ದವು, ಗೋಡೆಗೆ ಬಡಿದು ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು. ಹೊಟ್ಟೆ ತುಂಬ ಮೊಟ್ಟೆ. ನಾನೂ ಆ ಹುಡುಗನೂ ಬಕೆಟ್‌ನಲ್ಲಿ ತುಂಬಿ ತುಂಬಿ ಮೇಲಕ್ಕೆ ಬಿಟ್ಟೆವು. ಮೇಲೂ ನುಣ್ಣಗಿನ ಕಾಂಕ್ರೀಟ್ ತಾನೇ, ಕಲ್ಲಿಲ್ಲ, ಬೇರಿಲ್ಲ, ನಿಂತು ಸುಧಾರಿಸಿಕೊಳ್ಳಲು ಒಂದು ಮಡು ಇಲ್ಲ. ನೀರು ಅವನ್ನು ವಾಪಸ್ ತಂದು ಕೆಳಗೆ ಹಾಕಿತು. ಬೆಳಿಗ್ಗೆ ಹೋದರೆ ಕಾಗೆಗಳು ಕೂತಿದ್ದವು.

ಆ ರಾತ್ರಿ ನನಗೆ ಜಾಸ್ತಿ ನೋವಾಗಿದ್ದು ಹುಡುಗನ ಮಾತಿಗೆ. ಹನ್ನೊಂದು ವರ್ಷದ ಮಗು, ಅದನ್ನು ಹಳ್ಳ ಅಂತ ಯಾರೂ ಅವನಿಗೆ ಹೇಳಿಯೇ ಇರಲಿಲ್ಲ.

ಅಯ್ಯೋ, ಸಮಯ ಓಡುತ್ತಿದೆ. ಉಳಿದಿದ್ದನ್ನು ಬೇಗ ಹೇಳುತ್ತೇನೆ. ಸೊಳ್ಳೆ ಕಾಟಕ್ಕೆ ಕಾಂಕ್ರೀಟ್ ಮದ್ದು ಅಂತಾರೆ. ಸೊಳ್ಳೆ ಮರಿ ತಿನ್ನುವ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ, ಇವೆಲ್ಲ ಹೋದ ಮೇಲೆ ನಿಂತ ಕೊಳಚೆಯಲ್ಲಿ ಉಳಿಯುವುದು ಸೊಳ್ಳೆ ಒಂದೇ ಅಲ್ವಾ? ಬಾವಿ ಬತ್ತಿತು ಅಂತಾರೆ. ತಳ ಮುಚ್ಚಿದ ಮೇಲೆ ನೀರು ಇಂಗುವುದೆಲ್ಲಿ? 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬೀದಿಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ. ಹೊಳೆ ತುಂಬಿದ್ದಾಗ ಹಳ್ಳದ ನೀರು ಒಳಗೆ ಸೇರದೆ ಹಿಂದಕ್ಕೆ ಒತ್ತುತ್ತದೆ. ಆಗ ಅದಕ್ಕೆ ಹರಡಿಕೊಳ್ಳಲು ದಡದಲ್ಲಿ ಜಾಗ ಬೇಕು. ಆ ಜಾಗದಲ್ಲಿ ನಾವು ಕಾಂಪೌಂಡ್ ಕಟ್ಟಿದ್ದೇವೆ.

ಮಂಡಗದ್ದೆಗೆ ಹಕ್ಕಿ ನೋಡಲು ಹೋಗುತ್ತೀರಿ, ಸಂತೋಷ. ಆ ಬೆಳ್ಳಕ್ಕಿ, ನೀರುಕಾಗೆಗಳು ತಿನ್ನುವ ಮೀನೂ ಎಲ್ಲೋ ಒಂದು ತೆಳು ನೀರಿನಲ್ಲಿ ಹುಟ್ಟಿರಬೇಕು.

ಹಾಗಾಗಿ ಸೈಟು ತಗೊಳ್ಳುವ ಮುಂಚೆ ಹಳೇ ಸರ್ವೆ ನಕ್ಷೆ ತರಿಸಿ ನೋಡಿ, ಹಳ್ಳ ಎಲ್ಲಿತ್ತು ಅಂತ. ವಾರ್ಡ್ ಸಭೆಯಲ್ಲಿ ತಳಕ್ಕೆ ಕಾಂಕ್ರೀಟ್ ಹಾಕುವ ಮಾತು ಬಂದರೆ ಸುಮ್ನೆ ಕೂರಬೇಡಿ, ಬೇಡ ಅನ್ನಿ. ಗೋಡೆ ಬೇಕೇ ಬೇಕು ಅಂದರೆ ಕಲ್ಲು ಜೋಡಿಸಲಿ, ತಳ ಮಣ್ಣಾಗಿಯೇ ಇರಲಿ. ಮತ್ತೆ ಈ ಸಲ ಮೃಗಶಿರಾ ಮಳೆ ಹಿಡಿದ ರಾತ್ರಿ ಮಕ್ಕಳನ್ನು ಕರೆದುಕೊಂಡು ನಿಮ್ಮ ಮನೆ ಹತ್ತಿರದ ಹಳ್ಳಕ್ಕೆ ಹೋಗಿ. ಟಾರ್ಚ್ ಇರಲಿ, ಬಲೆ ಬೇಡ. ಅದರ ಹೆಸರು ಗೊತ್ತಿದ್ದರೆ ಮಕ್ಕಳಿಗೆ ಹೇಳಿಕೊಡಿ, ಗೊತ್ತಿಲ್ಲದಿದ್ದರೆ ಬೀದಿಯ ಹಿರಿಯರನ್ನು ಕೇಳಿ. ನಮಸ್ಕಾರ.