ಈ ಸಲದ ಕ್ರಿಸ್ಮಸ್ ಗುರುವಾರ ಬಂತು

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ನಮ್ಮನೆ ಅಡುಗೆ ಕಟ್ಟೆ. ಅಲ್ಲಿರುವ ಪ್ಲಾಸ್ಟಿಕ್ ಬಾಟಲಿಗೆ ಕೆಂಪು ಗೆರೆ ಕಾಣುತ್ತಿದೆ ಅಲ್ವಾ? ಅದು ಅಮ್ಮ ನೇಲ್ ಪಾಲಿಷ್‌ನಲ್ಲಿ ಎಳೆದ ಗೆರೆ. ಅಲ್ಲಿಗೆ ಸರಿಯಾಗಿ 750 ಎಂಎಲ್. ಬೆಳಿಗ್ಗೆ ಎದ್ದ ಕೂಡಲೇ ಆ ಗೆರೆ ತನಕ ನೀರು ತುಂಬಿಸಿ ಇಡುತ್ತಾಳೆ. ನಾನು ಅರ್ಧ ಕಪ್ ಟೀ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಅಳೆದು, ಬಾಗಿಲ ಹತ್ತಿರದ ಕರಿಬೇವಿನ ಗಿಡಕ್ಕೆ ಸುರಿಯುತ್ತಾಳೆ. ಸಾರು ಉಂಡರೆ ಅದಕ್ಕೂ ಲೆಕ್ಕ. ಮಜ್ಜಿಗೆಗೂ ಲೆಕ್ಕ. ಉಳಿದದ್ದು ನನ್ನ ಆ ದಿನದ ನೀರು.

ಹೊಸದಾಗಿ ನೋಡುತ್ತಿರುವವರಿಗೆ ಹೇಳಿಬಿಡುತ್ತೇನೆ. ನನ್ನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಬಿಪಿ ಯಾವಾಗ ಏರಿತೋ ನನಗೆ ಗೊತ್ತೇ ಆಗಲಿಲ್ಲ. ಪಾದ ಊದಿಕೊಂಡು ಚಪ್ಪಲಿ ಹಿಡಿಸದೇ ಇದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಅಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಮೂರೂವರೆ ವರ್ಷದಿಂದ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಒಂದು ಸಲಕ್ಕೆ 4 ಗಂಟೆ, ವಾರಕ್ಕೆ 12 ಗಂಟೆ. ನಿಮ್ಮ ಕಿಡ್ನಿ ವಾರದ 168 ಗಂಟೆಯೂ ಮಾಡುವ ಕೆಲಸವನ್ನು ನನ್ನ ಮೆಷಿನ್ 12 ಗಂಟೆಯಲ್ಲಿ ಆದಷ್ಟು ಮಾಡುತ್ತದೆ. ಮಿಕ್ಕ ಹೊತ್ತು ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ, ಹಾಗಾಗಿ ನಾನೇ ಕಾಯ್ದುಕೊಳ್ಳಬೇಕು. ಅದಕ್ಕೇ ಈ ಬಾಟಲಿ.

ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತು. 40 ಡಿಗ್ರಿ ದಾಟಿದ ಮಧ್ಯಾಹ್ನ ಒಂದು ಐಸ್ ತುಂಡನ್ನು ನಾಲಿಗೆ ಮೇಲೆ ಇಟ್ಟುಕೊಂಡು, ಅದು ಕರಗುವ ತನಕ ಕಣ್ಣು ಮುಚ್ಚಿ ಕೂತಿರುತ್ತೇನೆ. ಡಿಸೆಂಬರ್ ಒಂದೇ ನನ್ನ ಮೇಲೆ ಕರುಣೆ ತೋರಿಸುವ ತಿಂಗಳು. ಬೆಳಗಿನ ಜಾವ ಚಳಿ ಇರುತ್ತದೆ, ಗಂಟಲು ಒಣಗುವುದು ಕಡಿಮೆ. ಆದರೆ ಇದೇ ತಿಂಗಳಲ್ಲಿ ಕ್ರಿಸ್ಮಸ್ ಬರುತ್ತದೆ. ಮನೆಮನೆಯಲ್ಲೂ ಕೇಕ್, ಜ್ಯೂಸ್, ಟೀ. ಬೇಡ ಅಂದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ.

ಹೋದ ವರ್ಷ ನಾನು ಯಾರಿಗೂ ಬೇಡ ಅನ್ನಲಿಲ್ಲ. 2024ರ ಕ್ರಿಸ್ಮಸ್ ಬುಧವಾರ ಬಂದಿತ್ತು. ನಾಳೆ ಹೇಗೂ ಡಯಾಲಿಸಿಸ್ ಇದೆಯಲ್ಲ ಅಂದುಕೊಂಡೆ. ಒಣದ್ರಾಕ್ಷಿ, ಖರ್ಜೂರ ಹಾಕಿದ ಕೇಕ್ ತಿಂದೆ. ಚಿಕ್ಕಮ್ಮನ ಮನೆಯಲ್ಲಿ ಎಳನೀರು ಕುಡಿದೆ. ಚಕ್ಕುಲಿ ತಿಂದು ಬಾಯಾರಿ, ಲೆಕ್ಕ ಬಿಟ್ಟು ನೀರು ಕುಡಿದೆ. ರಾತ್ರಿ 2 ಗಂಟೆಗೆ ಮಲಗಿದರೆ ಉಸಿರು ಸಿಗುತ್ತಿಲ್ಲ. ಎದ್ದು ಕೂತರೆ ಸ್ವಲ್ಪ ಸಿಗುತ್ತದೆ. ನೀರು ಶ್ವಾಸಕೋಶಕ್ಕೆ ಏರಿತ್ತು. ಕಾಲು ಕಲ್ಲಿನ ಹಾಗೆ ಭಾರ. ಒಣಹಣ್ಣು, ಎಳನೀರು, ಬಾಳೆಹಣ್ಣು, ಬೆಲ್ಲ, ಇವುಗಳಲ್ಲೆಲ್ಲ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಇಲ್ಲದವರ ರಕ್ತದಲ್ಲಿ ಅದು ಕೂಡಿಕೊಂಡರೆ ಹೃದಯದ ಬಡಿತವೇ ತಪ್ಪುತ್ತದೆ, ನಿಂತೂ ಹೋಗಬಹುದು. ಅವತ್ತು ನಸುಕಿನಲ್ಲೇ ನನ್ನನ್ನು ಮೆಷಿನ್‌ಗೆ ಹಾಕಿದರು. ಹಬ್ಬದ ಹೊಸ ಸೀರೆಯಲ್ಲೇ ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಆ ಸೀರೆಯನ್ನು ಆಕೆ ಮತ್ತೆ ಉಡಲೇ ಇಲ್ಲ.

ಈ ಸಲ ಡಿಸೆಂಬರ್ 25 ನೇರವಾಗಿ ಗುರುವಾರವೇ ಬಂತು. ನನ್ನದೇ ದಿನ. ಬೇಕಾದರೆ ಒಂದು ದಿನ ಹಿಂದೆ ಮುಂದೆ ಮಾಡಿಕೊಡುತ್ತೇವೆ ಅಂತ ಸೆಂಟರ್‌ನವರು ಪಾಪ ಕೇಳಿದರು. ನಾನೇ ಬೇಡ ಅಂದೆ. ಹಬ್ಬಕ್ಕೋಸ್ಕರ ರೋಗವನ್ನು ಪಕ್ಕಕ್ಕೆ ಇಟ್ಟ ಹಾಗೆ ಮಾಡಿ ಒಂದು ಸಲ ನೋಡಿಯಾಗಿದೆ.

ಇದು 24ರ ರಾತ್ರಿ, ಕಂಟೋನ್ಮೆಂಟ್ ಕಡೆಯ ನಮ್ಮ ಚರ್ಚು. ಗೋದಲಿ ನೋಡಿ, ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರ. ನಿಜವಾದ ಭತ್ತದ ಹುಲ್ಲು ಹಾಸಿದ್ದಾರೆ, ಹತ್ತಿರ ಹೋದರೆ ಗದ್ದೆಯ ವಾಸನೆ ಬರುತ್ತದೆ. ಚಿಕ್ಕ ಹುಡುಗರು ಕುರಿಗಳನ್ನು ಎತ್ತಿ ಎತ್ತಿ ಜಾಗ ಬದಲಾಯಿಸುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಜಾಸ್ತಿ ಹೊತ್ತು ನಿಲ್ಲೋಕೆ ಆಗುವುದಿಲ್ಲ.

ಪೂಜೆಯ ನಡುವೆ, ನಿಮ್ಮ ನಿಮ್ಮ ಕೋರಿಕೆ ಮನಸ್ಸಿನಲ್ಲೇ ಹೇಳಿಕೊಳ್ಳಿ ಅಂತ ಫಾದರ್ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಪಕ್ಕದಲ್ಲಿ ಅಮ್ಮನ ತುಟಿ ಅಲ್ಲಾಡುತ್ತಿತ್ತು. ಆಕೆ ಏನು ಕೇಳುತ್ತಾಳೆ ಅಂತ ನನಗೆ ಗೊತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ, ಆಕೆಯ ಕಿಡ್ನಿ ನನಗೆ ಕೊಡುವ ಹಾಗಿಲ್ಲ. ಅಪ್ಪ ಇಲ್ಲ. ಹಾಗಾಗಿ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಕಾಯುವ ಪಟ್ಟಿಯಲ್ಲಿ ನನ್ನ ಹೆಸರಿದೆ. ಫೋನ್ ಯಾವ ಹೊತ್ತಿಗೂ ಬರಬಹುದು. ಬಂದರೆ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್ ಆ ಕ್ಷಣವೇ ಹೊರಡಬೇಕು. ಬ್ಯಾಗು ಬಾಗಿಲ ಹಿಂದೆ ಯಾವಾಗಲೂ ತಯಾರಿರುತ್ತದೆ.

ಆದರೆ ಬೇಗ ಸಿಗಲಿ ಅಂತ ಕೇಳಿಕೊಳ್ಳೋಕೆ ನನಗೆ ಬಾಯಿ ಬರುವುದಿಲ್ಲ. ನನಗೆ ಕಿಡ್ನಿ ಸಿಗಬೇಕಾದರೆ ಎಲ್ಲೋ ಒಂದು ಮನೆಯಲ್ಲಿ ಒಬ್ಬರು ಹೋಗಬೇಕು. ಅವರ ಮನೆಯವರು ಐಸಿಯು ಬಾಗಿಲಲ್ಲಿ ನಿಂತು, ಅಳುತ್ತಲೇ ಸಹಿ ಹಾಕಬೇಕು. ಅದು ಬೇಗ ಆಗಲಿ ಅಂತ ಹೇಗೆ ಬೇಡಲಿ? ಅವತ್ತು ನಾನು ಬೇರೆಯದನ್ನು ಕೇಳಿಕೊಂಡೆ. ಆ ಮನೆಯವರು ಈ ರಾತ್ರಿ ಎಲ್ಲರೂ ಕೂಡಿ ಉಣ್ಣಲಿ. ಯಾವ ಊರಿನವರೋ, ಯಾವ ದೇವರನ್ನು ನಂಬುವವರೋ, ನನಗೆ ಗೊತ್ತಿಲ್ಲ. ಈ ರಾತ್ರಿ ಅವರ ಮನೆಯ ಯಾವ ತಟ್ಟೆಯೂ ಖಾಲಿ ಇರದಿರಲಿ.

ಮರುದಿನ ಬೆಳಿಗ್ಗೆ ಐದೂವರೆ. ಆಟೋದಿಂದ ತೆಗೆದದ್ದು, ಅದಕ್ಕೇ ವಿಡಿಯೋ ಅಲ್ಲಾಡುತ್ತಿದೆ. ರಾಯಲ್ ಸರ್ಕಲ್ ಖಾಲಿ. ಗುಡ್ಡ ಇನ್ನೂ ಕತ್ತಲಲ್ಲೇ ಇದೆ. ಮಂಕಿ ಕ್ಯಾಪ್ ಹಾಕಿಕೊಂಡ ಒಬ್ಬರು ಮಿರ್ಚಿ ಬಂಡಿಯಲ್ಲಿ ಒಲೆ ಹಚ್ಚುತ್ತಿದ್ದರು.

ಒಳಗೆ ಯಾರ ಮುಖವನ್ನೂ ತೋರಿಸುವುದಿಲ್ಲ. ನನ್ನ ಬೆಡ್ ಮಾತ್ರ. ಎಡಗೈಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ ಬರುತ್ತದೆ, ಇನ್ನೊಂದರಿಂದ ತೊಳೆದ ರಕ್ತ ಒಳಗೆ ಹೋಗುತ್ತದೆ. ರಕ್ತ ತೊಳೆಯೋಕೆ ಮೆಷಿನ್‌ನಲ್ಲಿ ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ ಹರಿಯುತ್ತದೆ. 4 ಗಂಟೆಗೆ 120 ಲೀಟರ್. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮೂರಲ್ಲಿ, ದಿನಕ್ಕೆ ಮುಕ್ಕಾಲು ಲೀಟರ್ ಕುಡಿಯುವ ನನಗೋಸ್ಕರ 120 ಲೀಟರ್. ಪ್ರತಿ ಸಲವೂ ಆ ಪೈಪ್ ನೋಡುತ್ತಾ ಮಲಗಿರುತ್ತೇನೆ.

ನಮ್ಮ ಶಿಫ್ಟ್‌ನಲ್ಲಿ ಕುರುಗೋಡು ಕಡೆಯ ಒಬ್ಬ ರೈತರಿದ್ದಾರೆ. ಮೆಣಸಿನಕಾಯಿ ಬೆಳೆಯುತ್ತಾರೆ. ನನ್ನ ಹೊಸ ಚೂಡಿದಾರ್ ನೋಡಿ, "ಯವ್ವಾ, ಇವತ್ತು ನಿಮ್ಮ ಹಬ್ಬ ಅಲ್ಲೇನು? ಇವತ್ತೂ ಬಂದೀಯಲ್ಲ" ಅಂದರು. ಆಮೇಲೆ ಅವರೇ, "ಬಂದಿದ್ದು ಚಲೋ ಆತು ಬಿಡು" ಅಂದರು. ಯಾಕೆ ಹಾಗಂದರು ಅಂತ ನಮಗೆಲ್ಲ ಗೊತ್ತು. ಕಿಟಕಿ ಪಕ್ಕದ ಬೆಡ್ಡಿನ ಅಕ್ಕ ದೀಪಾವಳಿಗೆ ಎರಡು ಸಲ ಡಯಾಲಿಸಿಸ್ ತಪ್ಪಿಸಿದ್ದರು. ಆಮೇಲೆ ಅವರು ಬರಲೇ ಇಲ್ಲ. ಹೋದ ವರ್ಷ ಹಾಲ್‌ನಲ್ಲಿ ಕಾಗದದ ನಕ್ಷತ್ರ ಕಟ್ಟಿದವರು ಅವರೇ. ಅವರು ಹಿಂದೂ. ನಿನ್ನ ಹಬ್ಬಕ್ಕೆ ಅಂತ ಹೇಳಿ ಮನೆಯಿಂದ ಮಾಡಿ ತಂದಿದ್ದರು. ಟೆಕ್ನೀಷಿಯನ್ ಅಣ್ಣ ಅದನ್ನು ಮಡಚಿ ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದ. ಈ ಸಲ ಅದನ್ನೇ ತೆಗೆದು ಆ ಬೆಡ್ಡಿನ ಸ್ಟ್ಯಾಂಡಿಗೆ ಕಟ್ಟಿದ. ಒಂದು ಮೂಲೆ ಮುದುಡಿದೆ, ನೋಡಿ. ಹಾಗೇ ಇರಲಿ ಅಂದೆವು.

ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದುಕೊಂಡು ಕೂತೆ. ಮೈಯಿಂದ ಎರಡು ಲೀಟರ್ ನೀರು ತೆಗೆದಿದ್ದರು, ತೂಕ 54ರಿಂದ 52ಕ್ಕೆ ಇಳಿದಿತ್ತು. ಮನೆಗೆ ಬಂದು ಮೂರು ಗಂಟೆ ತನಕ ನಿದ್ದೆ. ಎದ್ದರೆ ಮನೆ ತುಂಬ ಜನ. ಅಮ್ಮ ನನಗೋಸ್ಕರ ಬೆಲ್ಲ ಬಿಟ್ಟು, ರವೆ ಸಕ್ಕರೆಯ ಕರ್ಜಿಕಾಯಿ ಮಾಡಿದ್ದಳು. ಎರಡು ತಿಂದೆ. ಚಿಕ್ಕಮ್ಮ ಈ ಸಲ ಏನನ್ನೂ ಕೈಗೆ ಕೊಡಲಿಲ್ಲ. ಸುಮ್ನೆ ನನ್ನ ಹಾಸಿಗೆ ಮೇಲೆ ಕೂತು, ನನ್ನ ಕಾಲನ್ನು ತನ್ನ ತೊಡೆ ಮೇಲೆ ಎಳೆದುಕೊಂಡು, ಸಂಜೆ ತನಕ ಒತ್ತುತ್ತಾ ಮಾತಾಡಿದಳು. ಡಯಾಲಿಸಿಸ್ ಆದ ದಿನ ಕಾಲಿನ ನರ ಹಿಡಿದುಕೊಳ್ಳುತ್ತದೆ. ಯಾರಾದರೂ ಕಾಯಿಲೆಯವರನ್ನು ನೋಡೋಕೆ ಹಬ್ಬಕ್ಕೆ ಏನು ತಗೊಂಡು ಹೋಗಬೇಕು ಅಂತ ನೀವು ಕೇಳುತ್ತಿರುತ್ತೀರಿ. ನನಗೆ ಚಿಕ್ಕಮ್ಮ ಕೊಟ್ಟ ಆ ಎರಡು ಗಂಟೆ ಸಾಕಾಗಿತ್ತು.

ಇನ್ನೊಂದು ಶಬ್ದ ಕೇಳಿಸುತ್ತೇನೆ. ನನ್ನ ಎಡಗೈಯಲ್ಲಿ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಜೋಡಿಸಿದ್ದಾರೆ. ಫಿಸ್ಟುಲಾ ಅಂತಾರೆ. ಆ ಕೈಗೆ ಬಿಪಿ ಪಟ್ಟಿ ಕಟ್ಟುವಂತಿಲ್ಲ, ಭಾರ ಎತ್ತುವಂತಿಲ್ಲ. ಮುಟ್ಟಿದರೆ ಜೇನುಹುಳು ಗುಂಯ್‌ಗುಟ್ಟಿದ ಹಾಗೆ ಅದುರುತ್ತದೆ. ಅದುರು ನಿಂತರೆ ರಕ್ತ ಕಟ್ಟಿಕೊಂಡಿದೆ ಅಂತ ಅರ್ಥ, ತಕ್ಷಣ ಆಸ್ಪತ್ರೆಗೆ ಓಡಬೇಕು. ಹಾಗಾಗಿ ದಿನಾ ಮಲಗುವ ಮುಂಚೆ ಅಮ್ಮ ಬಂದು, ಕನ್ನಡಕ ತೆಗೆದಿಟ್ಟು, ನನ್ನ ಮೊಣಕೈ ಹತ್ತಿರ ಕಿವಿ ಇಟ್ಟು ಕೇಳುತ್ತಾಳೆ.

ಈ ಧ್ವನಿ ರೆಕಾರ್ಡ್ ಮಾಡುತ್ತಿರುವುದು 26ರ ರಾತ್ರಿ. ನಾಳೆ ಶನಿವಾರ, ಆಟೋ ಐದೂವರೆಗೆ ಬರುತ್ತದೆ. ಅಮ್ಮ ಈಗ ತಾನೇ ಒಳಗೆ ಬಂದಳು. ಮೈಕ್ ಇಲ್ಲೇ ಇಡುತ್ತೇನೆ, ಕೇಳಿ.

"ಓಡಕತ್ತೈತಿ. ಮಲಕ್ಕೋ ಇನ್ನ."