ತಾಮ್ರದಲ್ಲಿ ಸೇನ್ ನದಿ: ಮೆರಿಯೋನ್‌ನ ‘ಲಾ ಮೋರ್ಗ್’

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ಫ್ರೆಂಚ್ ಕಲಾವಿದ ಶಾರ್ಲ್ ಮೆರಿಯೋನ್ 1854ರಲ್ಲಿ ಮಾಡಿದ ಎಚ್ಚಿಂಗ್, ‘ಲಾ ಮೋರ್ಗ್’. ಎಚ್ಚಿಂಗ್ ಅಂದರೆ ತಾಮ್ರದ ಪ್ಲೇಟಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು, ಅದರಲ್ಲಿ ಇಂಕು ತುಂಬಿ ಕಾಗದಕ್ಕೆ ಅಚ್ಚೊತ್ತುವುದು. ಇಲ್ಲಿ ಗೋಡೆಯಷ್ಟು ದೊಡ್ಡದಾಗಿ ಕಂಡರೂ ಮೂಲ ಚಿತ್ರ ಸುಮಾರು ಒಂದು ಗೇಣು. ನೌಕಾಪಡೆಯಲ್ಲಿದ್ದ ಮೆರಿಯೋನ್‌ಗೆ ವರ್ಣಾಂಧತೆಯಿತ್ತು. ಹಾಗಾಗಿ ಬಣ್ಣ ಬಿಟ್ಟು ಗೆರೆಗೆ ಬಂದ.

ಜಾಗ ಪ್ಯಾರಿಸ್‌ನ ಸಿತೆ ದ್ವೀಪದ ದಡ. ನಡುವಿನ ಗಿಡ್ಡ ಕಟ್ಟಡ ಶವಾಗಾರ. ಗುರುತು ಸಿಗದ ಹೆಣಗಳನ್ನು ಅಲ್ಲಿ ಗಾಜಿನಾಚೆ ಇಡುತ್ತಿದ್ದರು, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದಿತ್ತು. ಕೆಳಗೆ ನೀರಿನಂಚಿನಲ್ಲಿ ಅಗಸಗಿತ್ತಿಯರ ದೋಣಿಗಳು, ಒಣಗಲು ಹಾಕಿದ ಬಟ್ಟೆ. ಅದೇ ದಡದಲ್ಲಿ ನದಿಯಿಂದ ತೆಗೆದ ಹೆಣವನ್ನು ಹೊತ್ತು ತರುತ್ತಿದ್ದಾರೆ. ಪೊಲೀಸನೊಬ್ಬ ದಾರಿ ತೋರಿಸುತ್ತಿದ್ದಾನೆ, ಹೆಂಗಸೊಬ್ಬಳು ಗೋಳಿಡುತ್ತಿದ್ದಾಳೆ, ಮೇಲಿನ ಕಟ್ಟೆಯಿಂದ ಜನ ಬಗ್ಗಿ ನೋಡುತ್ತಿದ್ದಾರೆ.

ಈಗ ಆ ಬಟ್ಟೆಯ ಬಿಳಿಯನ್ನು ನೋಡಿ. ಅಲ್ಲಿ ಬಿಳಿ ಬಣ್ಣವೇ ಇಲ್ಲ, ಅದು ಪ್ಲೇಟಿನಲ್ಲಿ ಆಸಿಡ್ ಮುಟ್ಟದ ಜಾಗ, ಇಂಕಿಲ್ಲದ ಬರಿ ಕಾಗದ. ಈ ಚಿತ್ರದಲ್ಲಿ ಬೆಳಕು, ನೆರಳು, ದೂರ ಎಲ್ಲವನ್ನೂ ತೀರ್ಮಾನಿಸಿದ್ದು ಆಸಿಡ್‌ನಲ್ಲಿ ಕಳೆದ ನಿಮಿಷಗಳು. ಫ್ರೆಂಚರು ಎಚ್ಚಿಂಗನ್ನು ‘ಓ-ಫೋರ್ತ್’, ಅಂದರೆ ಪ್ರಬಲವಾದ ನೀರು, ಎಂದು ಕರೆದದ್ದು ಸುಮ್ಮನಲ್ಲ.

ಮೊದಲು ಪ್ಲೇಟಿನ ಅಂಚನ್ನು ಓರೆಯಾಗಿ ಅರೆಯಬೇಕು. ಇಲ್ಲದಿದ್ದರೆ ಪ್ರೆಸ್ಸಿನಲ್ಲಿ ಕಾಗದ, ಅದರ ಮೇಲೆ ಹಾಸುವ ಕಂಬಳಿ ಎರಡೂ ಹರಿಯುತ್ತವೆ. ಆಮೇಲೆ ಜಿಡ್ಡು ಹೋಗುವ ಹಾಗೆ ತೊಳೆದು ಗ್ರೌಂಡ್, ಅಂದರೆ ಆಸಿಡ್ ತಡೆಯುವ ಮೇಣದ ಲೇಪ, ಹಚ್ಚುವುದು. ಎರಡು ಪಾಲು ಜೇನುಮೇಣ, ಎರಡು ಪಾಲು ಆಸ್ಫಾಲ್ಟಮ್ (ಡಾಂಬರಿನಂಥ ಕಪ್ಪು ವಸ್ತು), ಒಂದು ಪಾಲು ರಾಳ: ಇದು ಸ್ಟುಡಿಯೋಗಳಲ್ಲಿ ರೂಢಿಯಲ್ಲಿರುವ ಒಂದು ಅಳತೆ. ಪ್ಲೇಟನ್ನು ತಲೆಕೆಳಗೆ ಹಿಡಿದು ಮೇಣದ ಬತ್ತಿಯ ಮಸಿ ಹಿಡಿಸಿದರೆ ಗ್ರೌಂಡ್ ಕಪ್ಪಾಗುತ್ತದೆ, ಸೂಜಿ ಎಳೆದಲ್ಲೆಲ್ಲ ತಾಮ್ರ ಮಿನುಗುತ್ತದೆ. ಜ್ವಾಲೆ ಒಂದೇ ಕಡೆ ನಿಂತರೆ ಗ್ರೌಂಡ್ ಸುಟ್ಟು ಆಸಿಡ್‌ನಲ್ಲಿ ಹಕ್ಕಳೆ ಎದ್ದುಹೋಗುತ್ತದೆ, ಬಯಲಾಗಿರಬೇಕಾದ ಆಕಾಶದಲ್ಲಿ ಸಿಡುಬಿನಂಥ ಚುಕ್ಕೆಗಳು ಬೀಳುತ್ತವೆ. ಸೂಜಿ ಗ್ರೌಂಡನ್ನು ಸರಿಸಿದರೆ ಸಾಕು, ತಾಮ್ರವನ್ನು ಕೆತ್ತಬೇಕಿಲ್ಲ. ಮುದ್ರಣದಲ್ಲಿ ಎಡಬಲ ಅದಲುಬದಲಾಗುವುದರಿಂದ ಚಿತ್ರವನ್ನು ತಿರುಗಿಸಿಯೇ ಬರೆಯಬೇಕು.

ದೂರದ ಮನೆಗಳ ಗೆರೆಗಳಿಗೆ ಕೆಲವೇ ನಿಮಿಷ ಸಾಕು. ಪ್ಲೇಟನ್ನು ಹೊರತೆಗೆದು, ತೊಳೆದು, ಆರಿಸಿ, ಆ ಭಾಗಕ್ಕೆ ಮತ್ತೆ ಆಸಿಡ್ ತಾಗದಂತೆ ವಾರ್ನಿಶ್ ಬಳಿದು ಮತ್ತೆ ಆಸಿಡ್‌ಗೆ ಇಳಿಸುತ್ತಾರೆ. ಕೊನೆಯವರೆಗೂ ಉಳಿಯುವುದು ಅತಿ ಗಾಢವಾದ ನೆರಳು. ನೈಟ್ರಿಕ್ ಆಸಿಡ್ ಆದರೆ ಗೆರೆಯ ಮೇಲೆ ಗುಳ್ಳೆಗಳು ಕೂರುತ್ತವೆ, ಅವನ್ನು ಹಕ್ಕಿಯ ಗರಿಯಿಂದ ಮೆಲ್ಲಗೆ ಸವರಿ ತೆಗೆಯಬೇಕು. ಬಿಟ್ಟರೆ ಅಲ್ಲಿ ಆಸಿಡ್ ತಾಮ್ರವನ್ನು ಒಂದೇ ಸಮ ತಿನ್ನುವುದಿಲ್ಲ, ಗೆರೆ ತುಂಡುತುಂಡಾಗುತ್ತದೆ.

ಕಲಿಯುವವರು ಹೆಚ್ಚಾಗಿ ಎಡವುವುದು ಕಪ್ಪಿನಲ್ಲಿ. ಇನ್ನೂ ಕಪ್ಪಾಗಲಿ ಎಂದು ಒತ್ತೊತ್ತಾಗಿ ಗೆರೆ ಎಳೆದು ಬಹಳ ಹೊತ್ತು ಬಿಡುತ್ತಾರೆ. ಆಸಿಡ್ ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುತ್ತದೆ. ಗೆರೆಗಳ ನಡುವಿನ ಗೋಡೆ ಕುಸಿದು ಅಗಲವಾದ ತಗ್ಗಾಗುತ್ತದೆ. ಒರೆಸುವಾಗ ಆ ತಗ್ಗಿನಲ್ಲಿ ಇಂಕು ನಿಲ್ಲುವುದಿಲ್ಲ. ಕಪ್ಪಾಗಬೇಕಿದ್ದದ್ದು ಬೂದಿಯಾಗುತ್ತದೆ. ಮೆರಿಯೋನ್‌ನ ನೆರಳುಗಳಲ್ಲಿ ಗೆರೆ ಗೆರೆಯಾಗಿಯೇ ಉಳಿದಿದೆ, ನಡುವೆ ಸಣ್ಣ ಬೆಳಕು ಉಸಿರಾಡುತ್ತಿದೆ. ನನ್ನ ಕಣ್ಣಿಗೆ ಇಡೀ ಚಿತ್ರದ ಅತಿ ಕಷ್ಟದ ಕೆಲಸ ಅದೇ.

ಇನ್ನು ಮುದ್ರಣ. ಪ್ಲೇಟನ್ನು ಬೆಚ್ಚಗೆ ಮಾಡಿ ಗೆರೆಗಳೊಳಗೆ ಇಂಕು ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಯಿಂದ ಸವರುತ್ತಾರೆ. ಕಾಗದ ಒದ್ದೆಯಿರಬೇಕು, ಆದರೆ ಮೇಲೆ ನೀರು ಹೊಳೆಯಬಾರದು. ಒಣಗಿದ್ದರೆ ಅದು ಗೆರೆಯೊಳಕ್ಕೆ ಇಳಿಯುವುದಿಲ್ಲ, ನೀರು ನಿಂತಿದ್ದರೆ ಇಂಕು ಹಿಡಿಯುವುದಿಲ್ಲ. ಅಂಗೈ ಒಂದು ಸಲ ಕಡಿಮೆ ಆಡಿದರೂ ಚಿತ್ರದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಇಂಕಿನ ಪೊರೆ ಉಳಿದು ಮೋಡ ಕವಿದ ಹಾಗಾಗುತ್ತದೆ. ಮೆರಿಯೋನ್ ತಿಳಿಹಸಿರು ಕಾಗದವನ್ನೂ ಬಳಸಿದ್ದಾನೆ. ಆ ಪ್ರತಿಗಳಲ್ಲಿ ಬಟ್ಟೆಯ ಬಿಳಿಯೂ ಹಸಿರಿಗೆ ತಿರುಗುತ್ತದೆ.

ನಗರದ ಆಡಳಿತಾಧಿಕಾರಿ ಓಸ್ಮಾನ್ ಪ್ಯಾರಿಸ್ಸನ್ನು ಒಡೆದು ಕಟ್ಟಿಸುತ್ತಿದ್ದ ಕಾಲವದು. 1864ರಲ್ಲಿ ಶವಾಗಾರ ದ್ವೀಪದ ಇನ್ನೊಂದು ತುದಿಗೆ ಹೋಯಿತು. ಈಗ ದೀಪ ಹಾಕಿಸುತ್ತೇನೆ. ಮುಂದೆ ಬನ್ನಿ, ಮೇಜಿನ ಮೇಲೆ ಭೂತಗನ್ನಡಿ ಇದೆ. ಮೊದಲು ಒಣಹಾಕಿದ ಬಟ್ಟೆ ನೋಡಿ, ಆಮೇಲೆ ಹೆಣ ಹೊತ್ತವರ ಕಡೆ ಹೋಗಿ.